ಜೀಪಿನ ಕ್ರ್ಯಾಂಕಿಗೆ ಟೈಮಿಂಗ್ ಗೇರ್ ಕೂರಿಸಿದ್ದು

ನಮ್ಮ ಕೊಪ್ಪ ತಾಲ್ಲೂಕಿನ ಜಯಪುರದಿಂದ ಮನೆಗೆ ಬರುವ ಏರಿನಲ್ಲಿ ಜೀಪು ಕೆಮ್ಮಲಿಲ್ಲ, ಕುಂಟಲಿಲ್ಲ, ದಡಕ್ಕನೆ ನಿಂತಿತು. ಹಿಂದೆ ಎಂಟು ಮೂಟೆ ಗೊಬ್ಬರ. ಪೆಟ್ರೋಲ್ ಇತ್ತು, ಪ್ಲಗ್ ವೈರುಗಳೆಲ್ಲ ಜಾಗದಲ್ಲೇ ಇದ್ದವು. ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದು, ಜೊತೆಗಿದ್ದ ಅಕ್ಕನ ಮಗನಿಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸು ಅಂದೆ. ಹ್ಯಾಂಡಲ್ ತಿರುಗುತ್ತಿದೆ, ಫ್ಯಾನ್ ತಿರುಗುತ್ತಿದೆ, ಡಿಸ್ಟ್ರಿಬ್ಯೂಟರಿನ ರೋಟರ್ ಮಾತ್ರ ಕಲ್ಲುಬಸವನ ಹಾಗೆ ಕೂತಿದೆ.

ಈ ಇಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರನ್ನು ತಿರುಗಿಸುವುದು ಆಯಿಲ್ ಪಂಪಿನ ಶಾಫ್ಟು, ಆಯಿಲ್ ಪಂಪನ್ನು ತಿರುಗಿಸುವುದು ವಾಲ್ವುಗಳನ್ನು ಏಳಿಸುವ ಕ್ಯಾಮ್‌ಶಾಫ್ಟು, ಕ್ಯಾಮನ್ನು ತಿರುಗಿಸುವುದು ಕ್ರ್ಯಾಂಕಿನ, ಅಂದರೆ ಪಿಸ್ಟನ್ನುಗಳು ತಿರುಗಿಸುವ ಮುಖ್ಯ ಶಾಫ್ಟಿನ, ತುದಿಯ ಗೇರು. ಕ್ರ್ಯಾಂಕ್ ತಿರುಗಿಯೂ ರೋಟರ್ ಅಲ್ಲಾಡಲಿಲ್ಲ ಎಂದರೆ ನಡುವೆ ಕೊಂಡಿ ತಪ್ಪಿದೆ. ಹತ್ತರಲ್ಲಿ ಒಂಬತ್ತು ಸಲ ಅದು ಕ್ರ್ಯಾಂಕಿಗೂ ಕ್ಯಾಮಿಗೂ ನಡುವಿನ ಟೈಮಿಂಗ್ ಗೇರೇ. ಮೂಟೆ ಇಳಿಸಿ, ಪಕ್ಕದ ಮನೆಯವರ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದೆವು. ಮಾರನೇ ದಿನದಿಂದ ಮಳೆ ಹಿಡಿಯಿತು. ಕೊಪ್ಪದ ಕಡೆಯ ಮಳೆ ಗೊತ್ತಿದ್ದವರಿಗೆ ಗೊತ್ತು, ಇನ್ನು ಎರಡು ತಿಂಗಳು ತೋಟದಲ್ಲಿ ಜೀಪಿಗೆ ಕೆಲಸವಿಲ್ಲ. ಇಂಜಿನ್ ಇಳಿಸಿಯೇ ಬಿಡೋಣ ಎಂದು ತೀರ್ಮಾನಿಸಿದೆ.

ಜೀಪು ಮಹೀಂದ್ರಾ ಸಿಜೆ-3ಬಿ, 1974ರದು, ಅಪ್ಪ ಎರಡನೇ ಕೈಯಲ್ಲಿ ತಂದದ್ದು. ಬಾನೆಟ್ ಎತ್ತರವಾಗಿರುವ ಜೀಪು ಅಂದರೆ ನಮ್ಮ ಕಡೆ ಎಲ್ಲರಿಗೂ ತಿಳಿಯುತ್ತದೆ. ಅದು ಎತ್ತರವಾದದ್ದು ಚಂದಕ್ಕಲ್ಲ. ವಿಲ್ಲೀಸ್ ಕಂಪನಿಯವರು ಯುದ್ಧಕಾಲದ ಜೀಪಿನ ಇಂಜಿನ್ನನ್ನೇ ಇಟ್ಟುಕೊಂಡು, ಇನ್ಲೆಟ್ ವಾಲ್ವನ್ನು ಬ್ಲಾಕಿನಿಂದ ಹೆಡ್ಡಿಗೆ ಎತ್ತಿದರು. ಎಕ್ಸಾಸ್ಟ್ ವಾಲ್ವು ಕೆಳಗೆ ಬ್ಲಾಕಿನಲ್ಲೇ ಉಳಿಯಿತು. ಇಂಜಿನ್ ಎತ್ತರವಾಯಿತು, ಹಳೇ ಬಾನೆಟ್ಟಿನೊಳಗೆ ಹಿಡಿಸದೆ ಬಾನೆಟ್ಟನ್ನೂ ಎತ್ತರಿಸಿದರು. ಆ ಇಂಜಿನ್ನಿಗೆ ಎಫ್-134 ಎಂದು ಹೆಸರು, 134 ಘನ ಇಂಚು ಅಂದರೆ ಸುಮಾರು 2,200 ಸಿಸಿ, ನಾಲ್ಕು ಸಿಲಿಂಡರು, ಕ್ರ್ಯಾಂಕಿಗೆ ಮೂರೇ ಮೇನ್ ಬೇರಿಂಗು. ಪೆಟ್ರೋಲ್ ಕುಡಿಯುತ್ತದೆ ಎಂದು ಮಲೆನಾಡಿನಲ್ಲಿ ಎಷ್ಟೋ ಜನ ಇದನ್ನು ಕಿತ್ತು ಡೀಸೆಲ್ ಇಂಜಿನ್ ಹಾಕಿಸಿದರು. ನಮ್ಮ ಅಪ್ಪ ಹಾಕಿಸಲಿಲ್ಲ. ನನಗೂ ಮನಸ್ಸಿಲ್ಲ.

ಮುಂದಿನ ಕವರ್ ಬಿಚ್ಚಿದಾಗ ಊಹೆ ನಿಜವಾಯಿತು. ಕ್ರ್ಯಾಂಕ್ ಗೇರು ಉಕ್ಕಿನದು, ಕ್ಯಾಮ್ ಗೇರು ಫೈಬರಿನದು, ಬಟ್ಟೆಯ ಪದರಗಳಿಗೆ ರಾಳ ಸೇರಿಸಿ ಒತ್ತಿ ಮಾಡಿದ ಜಾತಿ. ಫೈಬರ್ ಗೇರಿನ ಒಂದು ಬದಿಯಲ್ಲಿ ಐದಾರು ಹಲ್ಲು ಬುಡಸಮೇತ ಹೋಗಿದ್ದವು. ಚೂರುಗಳೆಲ್ಲ ಇಂಜಿನ್ ಅಡಿಯ ಎಣ್ಣೆ ತೊಟ್ಟಿಯಲ್ಲಿ, ಅಂದರೆ ಸಂಪಿನಲ್ಲಿ, ತೇಲುವ ಆಯಿಲ್ ಜಾಲರಿಗೆ ಹಳೇ ಕಾಫಿಗಷ್ಟಿನಂತೆ ಮೆತ್ತಿಕೊಂಡಿದ್ದವು. ಆ ಜಾಲರಿ ನೋಡಿದ ಮೇಲೆ ಬೇರಿಂಗ್ ಬಿಚ್ಚದೆ ಮುಚ್ಚುವ ಧೈರ್ಯ ಬರಲಿಲ್ಲ. ಬಿಚ್ಚಿದ್ದೇ ಒಳ್ಳೆಯದಾಯಿತು, ಬೇರಿಂಗಿನ ಹೋಳುಗಳಾದ ಶೆಲ್ಲುಗಳಲ್ಲಿ ಗೆರೆ ಬಿದ್ದಿತ್ತು. ಕ್ರ್ಯಾಂಕನ್ನು ಶಿವಮೊಗ್ಗಕ್ಕೆ ಕೊಂಡೊಯ್ದು ಹತ್ತು ತೌ ಗ್ರೈಂಡ್ ಮಾಡಿಸಿ, ಅಂಡರ್‌ಸೈಜ್ ಶೆಲ್ ತಂದದ್ದಾಯಿತು. (ಇಂಚಿನ ಸಾವಿರ ಪಾಲಿನಲ್ಲಿ ಒಂದು ಪಾಲಿಗೆ ಲೇತ್‌ನವರು ತೌ ಅನ್ನುತ್ತಾರೆ. ಮುಂದೆ ಎಲ್ಲ ಕಡೆ ಅದೇ ಲೆಕ್ಕ.)

ಹಲ್ಲು ಹೋದದ್ದು ಯಾಕೆ ಎಂದು ಹುಡುಕಿದರೆ ಸಿಕ್ಕಿದ್ದು ಸಾಸಿವೆಗಿಂತ ಸಣ್ಣ ತೂತು. ಬ್ಲಾಕಿನ ಮುಂಭಾಗದಲ್ಲಿ ಒಂದು ಜೆಟ್ ಇದೆ, ಎರಡು ಗೇರು ಕೂಡುವ ಕಡೆಗೆ ಎಣ್ಣೆ ಚಿಮ್ಮಿಸುವುದು ಅದರ ಕೆಲಸ. ಅದು ಪೂರ್ತಿ ಕಟ್ಟಿತ್ತು. ಎಷ್ಟು ವರ್ಷದಿಂದ ಗೇರು ಒಣಗಿಕೊಂಡೇ ತಿರುಗಿತ್ತೋ. ಫೈಬರ್ ಗೇರು ದಂಡ, ಲೋಹದ್ದೇ ಹಾಕಿ ಅಂತ ಹೇಳುವವರು ಬಹಳ ಮಂದಿ. ನಾನು ಮತ್ತೆ ಫೈಬರಿನದನ್ನೇ ತಂದೆ. ಅಷ್ಟು ವರ್ಷ ಸದ್ದಿಲ್ಲದೆ ದುಡಿದದ್ದನ್ನು ಎಣ್ಣೆ ಕೊಡದೆ ಕೊಂದು, ಆಮೇಲೆ ಅದರ ಜಾತಿಯನ್ನೇ ಬೈಯುವುದು ನನಗೆ ಒಪ್ಪಿಗೆಯಾಗಲಿಲ್ಲ. ಜೆಟ್ಟಿಗೆ ತಾಮ್ರದ ಸಣ್ಣ ತಂತಿ ತೂರಿಸಿ, ಸೀಮೆಎಣ್ಣೆ ಊದಿಸಿ, ಆಚೆ ಕಡೆಯಿಂದ ಬೆಳಕು ಕಾಣುವವರೆಗೆ ಬಿಡಲಿಲ್ಲ. ಉಕ್ಕಿನ ಗೇರಿನ ಹಲ್ಲುಗಳೂ ಒಂದು ಬದಿ ಸವೆದು ಚೂಪಾಗಿದ್ದವು. ಹಳೇ ಗೇರಿನ ಜೊತೆ ಹೊಸ ಫೈಬರ್ ಕೂಡಿಸಿದರೆ ಅರದ ಜೊತೆ ಕೂಡಿಸಿದ ಹಾಗೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಎರಡನ್ನೂ ಜೋಡಿಯಾಗಿ ತರಿಸಿದೆ.

ಹಳೇ ಗೇರು ತೆಗೆಯುವಾಗಲೇ ಮೊದಲ ಪಾಠವಾಗಿತ್ತು. ನಮ್ಮೂರಿನಲ್ಲಿ ಜೀಪ್ ಕೆಲಸ ಮಾಡಿ ಮಾಡಿ ಈಗ ವಯಸ್ಸಾಗಿ ಮನೆಯಲ್ಲಿರುವ ಮೇಸ್ತ್ರಿಗಳೊಬ್ಬರು ಇದ್ದಾರೆ. ಸಂಜೆ ಹೊತ್ತು ಛತ್ರಿ ಹಿಡಿದು ಬಂದು, ಮೂಟೆ ಮೇಲೆ ಕೂತು, ಎಲೆಯಡಿಕೆ ಹಾಕಿಕೊಂಡು ನೋಡುತ್ತಿರುತ್ತಾರೆ. ನಾನು ಉಳಿ, ಸುತ್ತಿಗೆ ಎತ್ತಿಕೊಂಡದ್ದನ್ನು ಕಂಡು ಹೇಳಿದರು: “ಉಳಿ ಕೊಟ್ರೆ ಗೇರು ಬರ್ತದೆ ಮಾರಾಯ್ರೆ. ಗೇರಿನ ಹಿಂದೆ ಏನೇನಿದೆ ಅಂತ ನೋಡಿದ್ರಾ?” ಹಿಂದೆ ಇರುವುದು ಥ್ರಸ್ಟ್ ವಾಷರು, ಅದರ ಹಿಂದೆ ಶಿಮ್ಮುಗಳು, ಅಂದರೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಲೋಹದ ಬಿಲ್ಲೆಗಳು. ಉಳಿಯ ಒಂದು ಪೆಟ್ಟಿಗೆ ಅವುಗಳ ಕಥೆ ಮುಗಿಯುತ್ತದೆ. ಎರಡು ಕಾಲಿನ ಪುಲ್ಲರ್ ಹಾಕಿ ಬಿಗಿದು, ಗೇರಿನ ಮೇಲೆ ಬಿಸಿನೀರು ಸುರಿದು, ಮತ್ತೆ ಕಾಲು ಸುತ್ತು ಬಿಗಿದಾಗ ಬಂತು.

ಈಗ ಹೊಸದನ್ನು ಕೂರಿಸುವ ವಿಷಯ.

ಬ್ಲಾಕನ್ನು ತಲೆಕೆಳಗಾಗಿ ಮೇಜಿನ ಮೇಲೆ ಇಟ್ಟು, ಕ್ರ್ಯಾಂಕ್ ಮಲಗಿಸಿ, ಮೇನ್ ಕ್ಯಾಪುಗಳನ್ನು 70 ಫುಟ್-ಪೌಂಡಿಗೆ ಬಿಗಿದಿದ್ದೆ. ಪುಸ್ತಕದ ಲೆಕ್ಕ 65ರಿಂದ 75. ಕ್ರ್ಯಾಂಕ್ ಎರಡು ಬೆರಳಿಗೆ ತಿರುಗುತ್ತಿತ್ತು. ಮಳೆಗಾಲದಲ್ಲಿ ಈ ಕೆಲಸ ಹಿಡಿದವರಿಗೆ ಒಂದು ಮಾತು: ರಾತ್ರಿ ಒರೆಸಿಟ್ಟ ಉಕ್ಕು ಬೆಳಿಗ್ಗೆ ಎದ್ದು ನೋಡುವಾಗ ಅರಿಸಿನ ಹಚ್ಚಿಕೊಂಡಿರುತ್ತದೆ. ಕೆಲಸ ಬಿಡುವಾಗಲೆಲ್ಲ ಎಣ್ಣೆ ಸವರಿ, ಹಳೇ ಪಂಚೆ ಹೊದೆಸಿ, ಅದರ ಮೇಲೊಂದು ಪ್ಲಾಸ್ಟಿಕ್ ಹಾಕುವುದು ನನಗೆ ದೇವರ ದೀಪ ಹಚ್ಚಿದಷ್ಟೇ ಕ್ರಮವಾಗಿ ಹೋಗಿತ್ತು.

ಶಾಫ್ಟಿನ ತುದಿಯನ್ನು 600ರ ಎಮೆರಿ ಪೇಪರಿಗೆ ಎಣ್ಣೆ ಹಾಕಿ ಒರೆಸಿದೆ. ಗೇರು ಶಾಫ್ಟಿನ ಮೇಲೆ ಸುತ್ತದಂತೆ ತಡೆಯುವ ಉಕ್ಕಿನ ತುಂಡಿಗೆ ಕೀ ಅನ್ನುತ್ತಾರೆ. ಅದು ಕೂರುವ ಗಾಡಿಯ, ಅಂದರೆ ಕೊರೆದ ತೋಡಿನ, ಅಂಚಿನಲ್ಲಿ ಉಗುರಿಗೆ ಸಿಗುವಷ್ಟು ಮುಳ್ಳು ಎದ್ದಿತ್ತು, ಸಣ್ಣ ಅರದಿಂದ ಎರಡು ಎಳೆತಕ್ಕೆ ಹೋಯಿತು. ಮೈಕ್ರೋಮೀಟರ್ ಹಿಡಿದು ಮೂರು ಕಡೆ ಅಳೆದೆ. ಗೇರಿನ ತೂತನ್ನು ಲೇತ್ ಅಂಗಡಿಯಲ್ಲಿ ಅಳೆಸಿಕೊಂಡು ಬಂದಿದ್ದೆ. ಶಾಫ್ಟು ತೂತಿಗಿಂತ ಒಂದು ತೌ ಚಿಲ್ಲರೆ ದಪ್ಪ. ತಣ್ಣಗೆ ಇದ್ದಾಗ ಗೇರು ಒಳಗೆ ಹೋಗುವುದಿಲ್ಲ, ಹೋಗಲೂ ಬಾರದು. ಆ ಒಂದು ತೌ ಬಿಗಿಯೇ ಅದನ್ನು ಹಿಡಿದಿಡುವುದು.

ಆದ್ದರಿಂದ ಬಿಸಿ ಮಾಡಿ ಹಾಕಬೇಕು. ಉಕ್ಕು 100 ಡಿಗ್ರಿ ಬಿಸಿಯಾದರೆ ಇಂಚಿಗೆ ಒಂದೂಕಾಲು ತೌ ಹತ್ತಿರ ಹಿಗ್ಗುತ್ತದೆ. ತೂತೂ ಅದೇ ಲೆಕ್ಕದಲ್ಲಿ ದೊಡ್ಡದಾಗುತ್ತದೆ. ಬಿಸಿ ಮಾಡಿದರೆ ಲೋಹ ಒಳಮುಖವಾಗಿ ಹಿಗ್ಗಿ ತೂತು ಸಣ್ಣದಾಗುವುದಿಲ್ಲವೇ ಎಂದು ಅಳಿಯ ಕೇಳಿದ. ಇಂಜಿನಿಯರಿಂಗ್ ಓದುತ್ತಿರುವ ಹುಡುಗ! ಎತ್ತಿನಗಾಡಿಯ ಚಕ್ರಕ್ಕೆ ಕಮ್ಮಾರರು ಪಟ್ಟಿ ಕಾಯಿಸಿ ಹಾಕುವುದನ್ನು ಅವನು ಕಂಡಿಲ್ಲ. ನಮ್ಮ ಮಳೆಗಾಲದ 22 ಡಿಗ್ರಿಯಿಂದ 150ಕ್ಕೆ ಏರಿಸಿದರೆ ಇಂಚಿಗೆ ಒಂದೂವರೆ ತೌ ಹಿಗ್ಗುತ್ತದೆ, ಕೆಲಸಕ್ಕೆ ಸಾಕು. 200 ದಾಟಿಸಬಾರದು. ಹದ ಕೊಟ್ಟ ಉಕ್ಕಿನ ಹಲ್ಲು ಅಲ್ಲಿಂದ ಮುಂದೆ ಮೆತ್ತಗಾಗಲು ಶುರುವಾಗುತ್ತದೆ. ಗ್ಯಾಸ್ ಟಾರ್ಚ್ ಹಿಡಿದು ಒಂದು ಕಡೆ ನೀಲಿ ಬಣ್ಣ ಬರಿಸಿದ ಗೇರುಗಳನ್ನು ನೋಡಿದ್ದೇನೆ. ನೀಲಿ ಬಂತೆಂದರೆ ಅಲ್ಲಿ 300ರ ಆಸುಪಾಸು ಹೋಗಿದೆ ಎಂದೇ ಅರ್ಥ. ಎಣ್ಣೆಯಲ್ಲಿ ಕಾಯಿಸಿದರೆ ಎಲ್ಲ ಕಡೆ ಒಂದೇ ಶಾಖ.

ಎಣ್ಣೆ ಕಾಯಿಸಲು ಬಾಣಲೆ ಬೇಕಲ್ಲ. ಅಮ್ಮನ ಹಳೇ ಕಬ್ಬಿಣದ ಬಾಣಲೆ ಅಟ್ಟದ ಮೇಲಿತ್ತು. ಕೇಳಿಯೇ ತಂದೆ. “ಅದ್ರಲ್ಲಿ ಇನ್ನು ಹಪ್ಪಳ ಕರಿಯೋ ಹಾಗಿಲ್ಲ ಅಂತಾಯ್ತು” ಎಂದರು, ಅಷ್ಟೇ. ಕೊಟ್ಟಿಗೆಯಲ್ಲಿ ಹೆಂಚು ಸೋರದ ಮೂಲೆ ನೋಡಿ ಒಲೆ ಹೂಡಿದೆ. ಕಾದ ಎಣ್ಣೆಗೆ ಒಂದು ಹನಿ ನೀರು ಬಿದ್ದರೆ ಏನಾಗುತ್ತದೆ ಎಂದು ಅಡುಗೆಮನೆ ಬಲ್ಲವರಿಗೆ ಹೇಳಬೇಕಿಲ್ಲ. ಹೊಸ ಇಂಜಿನ್ ಆಯಿಲ್ ಸುರಿದು, ಗೇರನ್ನು ತಂತಿಯಲ್ಲಿ ಕಟ್ಟಿ ತಳಕ್ಕೆ ತಾಗದಂತೆ ತೂಗಿಬಿಟ್ಟೆ. ತಳಕ್ಕೆ ತಾಗಿದರೆ ಆ ಬದಿ ಬೇರೆ, ಈ ಬದಿ ಬೇರೆ ಶಾಖವಾಗುತ್ತದೆ. ಅಳಿಯನ ಮಲ್ಟಿಮೀಟರಿಗೆ ಶಾಖ ಅಳೆಯುವ ತಂತಿ ಇತ್ತು, ಅದನ್ನೂ ಇಳಿಬಿಟ್ಟೆವು. 150 ತೋರಿಸಿದ ಮೇಲೂ ಹತ್ತು ನಿಮಿಷ ಕಾದೆವು, ಗೇರಿನ ಒಳಗೂ ಅಷ್ಟು ಏರಲಿ ಎಂದು.

ಮೊದಲ ದಿನ ನಾನು ಮಾಡಿದ್ದು ಹೀಗೆ. ಬಿಚ್ಚಿದಾಗ ಬಂದ ಶಿಮ್ಮುಗಳನ್ನೇ ತೊಳೆದು ಹಾಕಿದೆ, ಮೇಲೆ ಥ್ರಸ್ಟ್ ವಾಷರು. ಕೀಯನ್ನು ಗಾಡಿಯಲ್ಲಿ ಕೂರಿಸಿ ತಾಮ್ರದ ತುಂಡಿನಿಂದ ತಟ್ಟಿದೆ. ಇದು ಅರ್ಧಚಂದ್ರದ ಕೀ, ಕೆಳಗೆ ದುಂಡು, ಮೇಲೆ ಸಪಾಟು, ಕವುಚಿಟ್ಟ ಕರಿಗಡುಬಿನ ಹಾಗೆ. ದಪ್ಪ ಕೈಗವಸು ಹಾಕಿ ಗೇರು ಎತ್ತಿಕೊಂಡೆ. ಒಲೆಯಿಂದ ಮೇಜಿಗೆ ಮೂರು ಹೆಜ್ಜೆ. ಶಾಫ್ಟಿಗೆ ತೊಡಿಸಿ ದೂಡಿದೆ, ಸೊಗಸಾಗಿ ಜಾರಿತು, ಅರ್ಧ ದಾರಿಯಲ್ಲಿ ಕಚ್ಚಿ ನಿಂತಿತು. ಪೈಪ್ ಇಟ್ಟು ಒಂದು ಪೆಟ್ಟು ಕೊಟ್ಟೆ. ಕದಲಲಿಲ್ಲ. ಇನ್ನೊಂದು ಕೊಡಬೇಕೆಂದು ಕೈ ಎತ್ತುವಷ್ಟರಲ್ಲಿ ಗೇರಿನ ಬಿಸಿಯನ್ನೆಲ್ಲ ತಣ್ಣನೆಯ ಶಾಫ್ಟು ಕುಡಿದಾಗಿತ್ತು. ಐದು ಸೆಕೆಂಡೂ ಇರಲಿಲ್ಲ. ಗೇರು ಮತ್ತು ವಾಷರಿನ ನಡುವೆ ಕಿರುಬೆರಳು ತೂರುವಷ್ಟು ಸಂದು ಬಿಟ್ಟುಕೊಂಡು, ಬೇಕಾದ್ದಕ್ಕಿಂತ ಗಟ್ಟಿಯಾಗಿ ಕೂತುಬಿಟ್ಟಿತ್ತು.

ಮೇಸ್ತ್ರಿಗಳು ಎದ್ದು ಬಂದು ಕಣ್ಣು ಕಿರಿದು ಮಾಡಿ ನೋಡಿದರು. “ಹೊಡಿಬೇಡಿ. ಕೀ ತಲೆ ಎತ್ತಿದೆ.”

ಪುಲ್ಲರ್ ಹಾಕಿ ತೆಗೆದ ಮೇಲೆ ಸ್ಪಷ್ಟವಾಗಿ ಕಂಡಿತು. ಕೀಯ ತಳ ದುಂಡಲ್ಲವೇ, ಗಾಡಿಯೊಳಗೆ ಅದು ತೊಟ್ಟಿಲಿನ ಹಾಗೆ ತೂಗಬಲ್ಲದು. ಗೇರು ದೂಡುವಾಗ ಅದರ ಅಂಚು ಕೀಯ ಮುಂದಿನ ತುದಿಯನ್ನು ಒತ್ತಿದೆ, ಮುಂದೆ ತಗ್ಗಿದ ಕೀ ಹಿಂದಿನ ತುದಿಯನ್ನು ಎತ್ತಿದೆ, ಎತ್ತಿದ ತುದಿ ಗೇರಿನ ಗಾಡಿಯ ಚಾವಣಿಗೆ ಬೆಣೆ ಬಡಿದ ಹಾಗೆ ಸಿಕ್ಕಿಕೊಂಡಿದೆ. ಕೀಯ ನೆತ್ತಿಯಲ್ಲಿ ಹೊಳೆಯುವ ಗಾಯವಾಗಿತ್ತು. ಅಂಗಡಿಯಿಂದ ತಂದ ಆ ಕೀಯೂ ಗಾಡಿಯಲ್ಲಿ ಕೊಂಚ ಸಡಿಲವಾಗಿಯೇ ಇತ್ತು. ತಟ್ಟುವಾಗ ಸುಲಭವಾಗಿ ಇಳಿದದ್ದಕ್ಕೆ ನಾನು ಖುಷಿಪಟ್ಟಿದ್ದೆ! ಕಷ್ಟಪಟ್ಟು ಇಳಿಯಬೇಕಿತ್ತು. ಶಿವಮೊಗ್ಗದ ಲೇತ್‌ನವರಿಂದ ಗಾಡಿಯ ಅಗಲಕ್ಕೆ ಸರಿಯಾಗಿ ಇನ್ನೊಂದು ಮಾಡಿಸಿದೆ.

ಕೀ ಬರಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನ ಸಿಕ್ಕಿದ್ದರಿಂದ ಇನ್ನೂ ದೊಡ್ಡ ತಪ್ಪೊಂದು ತಪ್ಪಿತು. ಮೇಸ್ತ್ರಿಗಳು ಹಳೇ ಗೇರನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದರು, “ಶಿಮ್ಮು ಎಷ್ಟು ಅಂತ ಹೆಂಗೆ ಲೆಕ್ಕ ಹಾಕಿದ್ರಿ?” ಲೆಕ್ಕ ಎಲ್ಲಿಂದ ಬಂತು, ಬಿಚ್ಚಿದಷ್ಟು ಹಾಕಿದ್ದೆ. “ಶೆಲ್ ಹೊಸದು, ಲೆಕ್ಕ ಹಳೇದು” ಎಂದು ನಕ್ಕರು.

ಈ ಇಂಜಿನ್ನಿನ ಕ್ರ್ಯಾಂಕ್ ಹಿಂದೆ ಮುಂದೆ ಎಷ್ಟು ಸರಿಯಬೇಕು ಎಂಬುದನ್ನು ನಿರ್ಧರಿಸುವುದೇ ಗೇರಿನ ಹಿಂದಿನ ಆ ಜೋಡಣೆ. ಗೇರು ಥ್ರಸ್ಟ್ ವಾಷರನ್ನು ಒತ್ತುತ್ತದೆ, ವಾಷರು ಶಿಮ್ಮುಗಳನ್ನು ಶಾಫ್ಟಿನ ಮೆಟ್ಟಿಲಿಗೆ ಒತ್ತುತ್ತದೆ. ವಾಷರಿನ ಹೊರ ಅಂಚು ಮುಂದಿನ ಮೇನ್ ಬೇರಿಂಗಿನ ಮುಖದ ಎದುರು ನಿಲ್ಲುತ್ತದೆ. ಆ ಎರಡರ ನಡುವಿನ ಸಂದೇ ಕ್ರ್ಯಾಂಕಿನ ಆಟ. 4ರಿಂದ 6 ತೌ ಇರಬೇಕು, ಮಿಲಿಮೀಟರಿನಲ್ಲಿ 0.10ರಿಂದ 0.15. ಶಿಮ್ಮು ಸೇರಿಸಿದರೆ ವಾಷರು ಬೇರಿಂಗಿನಿಂದ ದೂರ ಹೋಗಿ ಆಟ ಹೆಚ್ಚುತ್ತದೆ, ತೆಗೆದರೆ ಕಡಿಮೆಯಾಗುತ್ತದೆ. ಶಿಮ್ಮು ಹಾಕಿದರೆ ಬಿಗಿಯಾಗುತ್ತದೆ ಎಂದೇ ನಾನು ತಿಳಿದಿದ್ದೆ, ಕಾಗದದ ಮೇಲೆ ಬರೆದು ನೋಡುವವರೆಗೂ ಆ ಭ್ರಮೆ ಹೋಗಲಿಲ್ಲ. ಆಟ ಹೆಚ್ಚಾದರೆ ಕ್ಲಚ್ ತುಳಿದಾಗಲೆಲ್ಲ ಕ್ರ್ಯಾಂಕ್ ಮುಂದಕ್ಕೆ ಜಿಗಿಯುತ್ತದೆ, ಓರೆ ಹಲ್ಲಿನ ಗೇರು ಅದರ ಜೊತೆ ಒದ್ದಾಡುತ್ತದೆ. ಕಡಿಮೆಯಾದರೆ ವಾಷರು ಉಜ್ಜಿ ಉರಿಯುತ್ತದೆ.

ಆದರೆ ಆಟ ಅಳೆಯಬೇಕಾದರೆ ಗೇರು ಕೂತಿರಬೇಕು. ಗೇರು ಕೂತ ಮೇಲೆ ಶಿಮ್ಮು ಬದಲಿಸಬೇಕಾದರೆ ಗೇರು ಕೀಳಬೇಕು. ಪ್ರತಿ ಸಲ ಬಾಣಲೆ, ಪ್ರತಿ ಸಲ ಪುಲ್ಲರ್. ಮೇಸ್ತ್ರಿಗಳ ಉಪಾಯ ಇಷ್ಟು ಸರಳ: ಹಳೇ ಗೇರಿನ ತೂತನ್ನು ಉಜ್ಜಿ ಉಜ್ಜಿ ದೊಡ್ಡದು ಮಾಡು. ಮರದ ಗೂಟಕ್ಕೆ ಎಮೆರಿ ಸುತ್ತಿ, ಡ್ರಿಲ್ ಮೆಷಿನ್ನಿಗೆ ಸಿಕ್ಕಿಸಿ, ಎಣ್ಣೆ ಹಾಕುತ್ತ ಒಂದು ಮಧ್ಯಾಹ್ನ ಉಜ್ಜಿದೆ. ನಡುವೆ ಎರಡು ಸಲ ಕರೆಂಟು ಹೋಯಿತು. ಕೊನೆಗೆ ಬಳೆ ತೊಟ್ಟಂತೆ ಕೈಯಲ್ಲೇ ಒಳಗೆ ಹೊರಗೆ ಓಡಾಡುವ ಹಾಗಾಯಿತು. ಹಲ್ಲು ಸವೆದು ಗುಜರಿಗೆ ಹೋಗಬೇಕಿದ್ದ ಗೇರು ಅಳತೆಯ ಸಾಧನವಾಯಿತು. ಹೊಸ ಗೇರಿನ ಉದ್ದ ಒಂದಿಷ್ಟು ಬೇರೆಯಿದ್ದರೂ ಚಿಂತೆಯಿಲ್ಲ, ವಾಷರನ್ನು ಮೆಟ್ಟಿಲಿಗೆ ಒತ್ತಿ ಹಿಡಿದರೆ ಆಯಿತು.

ಶಿಮ್ಮು, ವಾಷರು, ಹಳೇ ಗೇರು, ಆಯಿಲ್ ಎರಚುವ ತಟ್ಟೆ, ಸ್ಪೇಸರ್, ಪುಲ್ಲಿ ಹಾಕಿ, ಹ್ಯಾಂಡಲ್ ಕಚ್ಚುವ ಮುಂದಿನ ನಟ್ಟು ಬಿಗಿದೆ. ನಟ್ಟು ಬಿಗಿಯದೆ ಅಳೆದರೆ ಸುಳ್ಳು ಲೆಕ್ಕ ಬರುತ್ತದೆ, ಶಿಮ್ಮುಗಳು ಉಬ್ಬಿಕೊಂಡಿರುತ್ತವೆ. ಕ್ರ್ಯಾಂಕಿನ ಹಿಂದಿನ ಮುಖಕ್ಕೆ ಡಯಲ್ ಗೇಜ್ ತಾಗಿಸಿ, ಸ್ಕ್ರೂಡ್ರೈವರಿನಿಂದ ಕ್ರ್ಯಾಂಕನ್ನು ಹಿಂದೆ ಮೀಟಿ ಸೊನ್ನೆ ಮಾಡಿ, ಮುಂದೆ ಮೀಟಿದೆ. 0.06 ಮಿಲಿಮೀಟರ್. ಎರಡೂವರೆ ತೌ ಕೂಡ ಇಲ್ಲ! ಹಳೇ ಶೆಲ್ಲಿನ ಮುಖ ಸವೆದಿತ್ತು, ಹೊಸದು ಪೂರ್ತಿ ದಪ್ಪ ಇದೆ, ಅದಕ್ಕೇ. ಮೊದಲ ದಿನ ಕೀ ತಲೆ ಎತ್ತದೆ ಗೇರು ಸರಾಗ ಕೂತಿದ್ದರೆ ಇದೇ ಆಟಕ್ಕೆ ಇಂಜಿನ್ ಮುಚ್ಚಿರುತ್ತಿದ್ದೆ. ಎರಡು ತೌ ದಪ್ಪದ ಶಿಮ್ಮು ಇನ್ನೊಂದು ಸೇರಿಸಿ ಮತ್ತೆ ಬಿಗಿದು ಅಳೆದೆ, 0.11 ಬಂತು. ಮೂರು ಸಲ ಅಳೆದರೂ ಅಷ್ಟೇ.

ವಾಷರಿಗೆ ಎರಡು ಮುಖ ಇದೆ. ಒಳ ಅಂಚನ್ನು ಓರೆ ತೆಗೆದ ಮುಖ ಬೇರಿಂಗಿನ ಕಡೆಗೆ ಬರಬೇಕು. ತಿರುವಿ ಹಾಕಿದರೆ ಚೂಪು ಅಂಚು ಶಾಫ್ಟಿನ ಮೂಲೆಯ ದುಂಡಿಗೆ ತಾಗಿ, ಕೂತ ಹಾಗೆ ಕಂಡರೂ ಕೂತಿರುವುದಿಲ್ಲ.

ಎರಡನೇ ಸಲಕ್ಕೆ ಕೂರುವ ಮುಂಚೆ ಎಲ್ಲ ಸಿದ್ಧ ಮಾಡಿಕೊಂಡೆ. ಹೊಸ ಕೀಯನ್ನು ತಟ್ಟಿ ಇಳಿಸಿ, ಅದರ ನೆತ್ತಿಯ ಮೇಲೆ ಸಣ್ಣ ಸ್ಕೇಲ್ ಇಟ್ಟು, ಸ್ಕೇಲು ಶಾಫ್ಟಿನ ಉದ್ದಕ್ಕೆ ಸಮವಾಗಿದೆಯೇ ಎಂದು ಬಗ್ಗಿ ನೋಡಿದೆ. ಉಗುರಿನಿಂದ ಮುಂದೆ ಒತ್ತಿದರೂ ಹಿಂದೆ ಒತ್ತಿದರೂ ತೂಗಲಿಲ್ಲ. ಗೇರಿನ ಮುಖದ ಮೇಲೆ ಕೀ ಗಾಡಿಗೆ ನೇರವಾಗಿ ಬಿಳಿ ಪೇಂಟಿನ ಗೆರೆ, ಶಾಫ್ಟಿನ ತುದಿಯಲ್ಲಿ ಇನ್ನೊಂದು ಗೆರೆ. ಬಿಸಿ ಗೇರು ಕೈಯಲ್ಲಿರುವಾಗ ಗಾಡಿ ಎಲ್ಲಿದೆ ಎಂದು ಹುಡುಕುತ್ತ ನಿಂತರೆ ಆ ಐದು ಸೆಕೆಂಡು ಅಲ್ಲೇ ಮುಗಿಯುತ್ತದೆ. ಗೇರಿನ ಚುಕ್ಕೆ ಇರುವ ಮುಖ ಹೊರಗೆ ಎಂದು ಅಳಿಯನಿಂದ ಎರಡು ಸಲ ಬಾಯಿಬಿಟ್ಟು ಹೇಳಿಸಿದೆ. ಎರಡು ತುದಿಯನ್ನೂ ಲೇತ್‌ನಲ್ಲಿ ಸಮ ಮಾಡಿಸಿದ ಜಿಐ ಪೈಪಿನ ತುಂಡು ಕೈಗೆ ಸಿಗುವ ಹಾಗೆ ಇತ್ತು. ಕ್ಯಾಮ್ ಗೇರು ಹಾಕಿರಲಿಲ್ಲ. ಅದು ಇದ್ದರೆ ಓರೆ ಹಲ್ಲಿನಿಂದಾಗಿ ಕ್ರ್ಯಾಂಕ್ ಗೇರು ನೇರ ಜಾರುವುದಿಲ್ಲ, ಕ್ಯಾಮನ್ನೂ ತಿರುಗಿಸುತ್ತ ಬರುತ್ತದೆ, ಬಿಸಿಯಲ್ಲಿ ಅಷ್ಟೆಲ್ಲ ಸಂಭಾಳಿಸಲಿಕ್ಕಾಗದು.

“ನೂರೈವತ್ತೈದು ಮಾವ.”

ಎತ್ತಿಕೊಂಡೆ. ಎಣ್ಣೆ ತೊಟ್ಟಿಕ್ಕುತ್ತಿತ್ತು. ಬಿಳಿಗೆ ಬಿಳಿ ಕೂಡಿಸಿ ತೊಡಿಸಿದೆ, ದೂಡಲೂ ಇಲ್ಲ, ಹೆಬ್ಬೆರಳು ಇಟ್ಟದ್ದಷ್ಟೇ. ಸರ್ರನೆ ಹೋಗಿ ವಾಷರಿಗೆ ತಾಗಿ ಟಕ್ ಅಂದಿತು. ಉಕ್ಕಿಗೆ ಉಕ್ಕು ಪೂರ್ತಿ ಮುಖ ಕೂಡಿದಾಗ ಮಾತ್ರ ಬರುವ ಒಣ ಸದ್ದು ಅದು. ಅಲ್ಲಿಗೆ ಕೈ ಬಿಡುವಂತಿಲ್ಲ. ಗೇರು ತಣಿಯುವಾಗ ಮೊದಲು ಎಲ್ಲಿ ಹಿಡಿಯುತ್ತದೋ ಆ ಕಡೆಗೆ ತನ್ನನ್ನು ಎಳೆದುಕೊಳ್ಳುತ್ತದೆ, ಹಿಂದೆ ಕೂದಲೆಳೆ ಸಂದು ಬಿಡುತ್ತದೆ. ಪೈಪ್ ಇಟ್ಟು ಮೈಭಾರ ಹಾಕಿ ಎರಡು ನಿಮಿಷ ಒತ್ತಿ ಹಿಡಿದೆ. ತಣಿದ ಮೇಲೆ ಒಂದೂವರೆ ತೌ ದಪ್ಪದ ಫೀಲರ್ ಪಟ್ಟಿ ಹಿಡಿದು ಗೇರಿನ ಹಿಂದೆ ಸುತ್ತಲೂ ತಡಕಿದೆ. ಎಲ್ಲೂ ತೂರಲಿಲ್ಲ. ನಟ್ಟು ಬಿಗಿದು ಆಟ ನೋಡಿದರೆ 0.11, ಹಳೇ ಗೇರು ಹೇಳಿದ್ದೇ. ಮೇಸ್ತ್ರಿಗಳು ಏನೂ ಹೇಳಲಿಲ್ಲ, ಅಡಿಕೆ ಕತ್ತರಿಸಲು ಶುರುಮಾಡಿದರು.

ಕ್ಯಾಮ್ ಗೇರಿಗೆ ಈ ಸಂಭ್ರಮ ಇಲ್ಲ, ಅದಕ್ಕೆ ಕೀ ಇದೆ, ನಡುವೆ ಬೋಲ್ಟ್ ಇದೆ. ಬೋಲ್ಟಿನಿಂದಲೇ ಎಳೆದು ಕೂರಿಸಬೇಕು, ಸುತ್ತಿಗೆ ಮುಟ್ಟಬಾರದು. ಹೊಡೆದರೆ ಫೈಬರ್ ಬಿರುಕು ಬಿಡುವುದು ಒಂದು, ಕ್ಯಾಮ್‌ಶಾಫ್ಟು ಹಿಂದಕ್ಕೆ ಹೋಗಿ ಬ್ಲಾಕಿನ ಹಿಂಬದಿಯ ಪ್ಲಗ್ಗನ್ನು ಹೊರಗೆ ತಳ್ಳುವುದು ಇನ್ನೊಂದು. ಆ ಪ್ಲಗ್ ಕದಲಿದ್ದು ಗೊತ್ತಾಗುವುದು ಎಲ್ಲ ಜೋಡಿಸಿ ಕ್ಲಚ್ಚಿಗೆ ಎಣ್ಣೆ ಇಳಿದಾಗ.

ಎರಡು ಗೇರಿನ ಚುಕ್ಕೆಗಳು ಎದುರುಬದುರು ಬರಬೇಕು. ಹೊಸ ಫೈಬರ್ ಗೇರಿನ ಮೇಲೆ ಚುಕ್ಕೆಯ ಜೊತೆಗೆ ಯಾರೋ ಗೀಚಿದ ಇನ್ನೊಂದು ಗುರುತೂ ಇತ್ತು, ಯಾವುದನ್ನು ನಂಬುವುದು? ವಾಲ್ವನ್ನೇ ಕೇಳಿದೆ. ಈ ಇಂಜಿನ್ನಿನಲ್ಲಿ ಒಂದನೇ ಸಿಲಿಂಡರಿನ ಇನ್ಲೆಟ್ ತೆರೆಯಲು ಶುರುವಾಗುವುದು ಪಿಸ್ಟನ್ ಪೂರ್ತಿ ಮೇಲೆ ಬರುವುದಕ್ಕೆ 9 ಡಿಗ್ರಿ ಮುಂಚೆ. ವಾಲ್ವನ್ನು ತಳ್ಳುವ ಟ್ಯಾಪೆಟ್ ಮೇಲೆ ಬೆರಳಿಟ್ಟು ಕ್ರ್ಯಾಂಕ್ ನಿಧಾನ ತಿರುಗಿಸಿದರೆ ಎಕ್ಸಾಸ್ಟಿನದು ಇಳಿದು ಮುಗಿಯುವ ಹೊತ್ತಿಗೆ ಇನ್ಲೆಟ್ಟಿನದು ಏಳಲು ತೊಡಗುವುದು ಬೆರಳಿಗೆ ತಿಳಿಯುತ್ತದೆ. ಚುಕ್ಕೆ ಸರಿ, ಗೀಚಿದ್ದು ಸುಳ್ಳು. ಗೀಚಿದ್ದನ್ನು ಉಜ್ಜಿ ಅಳಿಸಿಬಿಟ್ಟೆ, ಮುಂದೆ ಬಿಚ್ಚುವವನು ತಲೆ ಕೆಡಿಸಿಕೊಳ್ಳದಿರಲಿ.

ಉಳಿದ ಜೋಡಣೆಗೆ ಇನ್ನೂ ಮೂರು ವಾರ ಹೋಯಿತು. ಹೆಡ್ಡು, ಪಿಸ್ಟನ್ ರಿಂಗು, ಇನ್ಲೆಟ್ಟಿಗೆ 18 ತೌ, ಎಕ್ಸಾಸ್ಟಿಗೆ 16 ತೌ ಟ್ಯಾಪೆಟ್ ಸಂದು, ಎಲ್ಲ ಮಾಮೂಲಿ. ಎಣ್ಣೆ ಎರಚುವ ತಟ್ಟೆಯ ಮುಖ ಯಾವ ಕಡೆಗೆ ಎಂದು ಬಿಚ್ಚುವಾಗ ತೆಗೆದ ಫೋಟೋ ನೋಡಿ ಹಾಕಿದೆ. ಆಯಿಲ್ ಪಂಪನ್ನು ಒಂದು ಹಲ್ಲು ತಪ್ಪಾಗಿ ಕೂರಿಸಿ, ಡಿಸ್ಟ್ರಿಬ್ಯೂಟರ್ ಒಂದು ಕಡೆ ಮುಖ ಮಾಡಿ, ಮತ್ತೆ ಬಿಚ್ಚಿ ಹಾಕಿದ್ದೂ ಆಯಿತು. ಅದನ್ನು ಮೇಸ್ತ್ರಿಗಳಿಗೆ ಹೇಳಿಲ್ಲ.

ಚೌತಿಗೆ ಎರಡು ದಿನ ಇರುವಾಗ ಮಳೆ ಬಿಡುವು ಕೊಟ್ಟಿತು. ಇಗ್ನಿಷನ್ ಹಾಕದೆ ಹ್ಯಾಂಡಲ್ಲಿನಿಂದ ಇಪ್ಪತ್ತು ಸುತ್ತು ಹಾಕಿದೆ, ಎಣ್ಣೆ ಎಲ್ಲ ಕಡೆ ಏರಲಿ ಎಂದು. ಆಮೇಲೆ ಇಗ್ನಿಷನ್ ಹಾಕಿ, ಹೆಬ್ಬೆರಳನ್ನು ಹ್ಯಾಂಡಲ್ಲಿನ ಈಚೆಗೇ ಇಟ್ಟುಕೊಂಡು ಎಳೆದೆ. ಮೂರನೇ ಎಳೆತಕ್ಕೆ ಹಿಡಿಯಿತು. ಅಳಿಯ ಕಿವಿ ಹತ್ತಿರ ಉದ್ದ ಸ್ಕ್ರೂಡ್ರೈವರ್ ಇಟ್ಟು ಮುಂದಿನ ಕವರಿಗೆ ತಾಗಿಸಿ ಕೇಳಿದ. ಗೇರಿನ ಊಳು ಇಲ್ಲ, ಎಣ್ಣೆ ಚಿಮ್ಮುವ ಸಿರಸಿರ ಮಾತ್ರ ಇದೆಯಂತೆ. ನನ್ನ ಕಿವಿಗೆ ಅದೂ ಕೇಳಲಿಲ್ಲ.

ಮುಂದಿನ ಕವರಿನ ಸೀಲಿನಿಂದ ರಾತ್ರಿಗೆ ಎರಡು ಹನಿ ಎಣ್ಣೆ ಇಳಿಯುತ್ತಿದೆ. ಕೆಳಗೆ ರಟ್ಟು ಇಟ್ಟಿದ್ದೇನೆ. ಅಡಿಕೆ ಕೊಯ್ಲು ಮುಗಿಯಲಿ, ಆಮೇಲೆ ನೋಡುವ. ಬಾಣಲೆಯನ್ನು ಸೀಗೆಪುಡಿ, ಬೂದಿ ಹಾಕಿ ನಾಲ್ಕು ಸಲ ತಿಕ್ಕಿ ಒಳಗೆ ತಂದಿಟ್ಟೆ. ಅಮ್ಮ ಮೂಸಿ ನೋಡಿ ಮತ್ತೆ ಕೊಟ್ಟಿಗೆಗೇ ಕಳಿಸಿದರು.